ಜುವೊಯಿಂಗ್‌ನ ತಾವರೆಕೆರೆ, ಗುಡಿಗಳು, ರಾತ್ರಿ ಸಂತೆ: ಅಮ್ಮನೊಂದಿಗೆ ಹೋಗುವವರಿಗೆ ಸಲಹೆ ಬೇಕು

ತುಂಗಾತೀರ:

ನನ್ನ ತಮ್ಮ ತೈವಾನಿನ ಶಿನ್‌ಚುವಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದಾನೆ. ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಅವನಲ್ಲಿಗೆ ಹೊರಟಿದ್ದೇನೆ. ತೈಪೆಯ ಗಗನಚುಂಬಿಗಳಲ್ಲಿ ಅಮ್ಮನಿಗೆ ಆಸಕ್ತಿಯಿಲ್ಲ. ಕೆರೆ ಮತ್ತು ದೇವಸ್ಥಾನ ಇರುವ ಊರಿದ್ದರೆ ತೋರಿಸು ಎಂದಿದ್ದಾರೆ. ತೈವಾನಿನ ದಕ್ಷಿಣದ ಕಾವೊಶಿಯುಂಗ್ ನಗರದ ಜುವೊಯಿಂಗ್ ವಲಯದಲ್ಲಿ ದೊಡ್ಡ ತಾವರೆಕೆರೆ, ಅದರ ದಂಡೆಯುದ್ದಕ್ಕೂ ಗುಡಿಗಳು, ಸಮೀಪದಲ್ಲೇ ಒಂದು ರಾತ್ರಿ ಸಂತೆ ಇವೆ ಎಂದು ತಿಳಿಯಿತು.

ನನಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು. ಚಿತ್ರಗಳಲ್ಲಿ ಕಾಣುವ ಆ ಬಣ್ಣಬಣ್ಣದ ಡ್ರ್ಯಾಗನ್, ಹುಲಿ ಮತ್ತು ಗೋಪುರಗಳು ಪೂಜೆ ನಡೆಯುವ ಜಾಗಗಳೇ, ಅಥವಾ ಪ್ರವಾಸಿಗರಿಗಾಗಿ ಕಟ್ಟಿದ ಪ್ರದರ್ಶನವೇ? ಮಂಡಿನೋವಿರುವವರು ಎಷ್ಟರ ಮಟ್ಟಿಗೆ ನೋಡಬಹುದು? ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದ ಅಮ್ಮನಿಗೆ ಅಲ್ಲಿ ಊಟ ಸಿಕ್ಕೀತೇ?

ಗಾರೆಗೆಲಸ:

ಮೊದಲ ಪ್ರಶ್ನೆಗೆ ನನ್ನ ಉತ್ತರ ಕೊಂಚ ಕಟುವಾಗಿದೆ. ಡ್ರ್ಯಾಗನ್ ಮತ್ತು ಹುಲಿ ಗೋಪುರಗಳು 1976ರ ಕಾಂಕ್ರೀಟ್ ಕಟ್ಟಡಗಳು. ವಸಂತ ಮತ್ತು ಶರತ್ ಮಂಟಪಗಳು ಎನ್ನುವವು 1953ರವು. ಡ್ರ್ಯಾಗನ್ನಿನ ಬಾಯಿಯೊಳಗೆ ಹೊಕ್ಕು ಹುಲಿಯ ಬಾಯಿಯಿಂದ ಹೊರಬಂದರೆ ಕೆಟ್ಟದ್ದು ಕಳೆದು ಒಳ್ಳೆಯದಾಗುತ್ತದೆ ಎಂಬ ನಂಬಿಕೆಯ ಹೆಸರಿನಲ್ಲಿ ಬಸ್ಸುಗಟ್ಟಲೆ ಜನ ಬಂದಿಳಿದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ವಾಸ್ತುಶಿಲ್ಪ ನೋಡಬೇಕೆಂದಿದ್ದರೆ ಕಾವೊಶಿಯುಂಗ್ ಬಿಟ್ಟು ತೈವಾನಿನ ಹಳೆಯ ರಾಜಧಾನಿಯಾದ ತೈನಾನ್‌ನಲ್ಲಿ ಆ ಸಮಯ ಕಳೆಯುವುದು ಮೇಲು. ಜುವೊಯಿಂಗ್‌ನಲ್ಲಿ ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಜಪಾನಿನ ವಾಸ್ತುಶಿಲ್ಪಿ ಟೊಯೊ ಇಟೊ ವಿನ್ಯಾಸದ ಕ್ರೀಡಾಂಗಣ. 2009ರ ವಿಶ್ವ ಕ್ರೀಡೆಗಳಿಗಾಗಿ ಕಟ್ಟಿದ್ದು, ಛಾವಣಿಯ ತುಂಬ ಸೌರಫಲಕಗಳಿವೆ.

ಹಳೆಗೋಡೆ:

ಗಾರೆಗೆಲಸ ಅವರು ಕೊಟ್ಟ ಇಸವಿಗಳು ಸರಿಯಾಗಿವೆ, ಆದರೆ ಅವುಗಳಿಂದ ಅವರು ತಲುಪಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕಾವೊಶಿಯುಂಗ್‌ನಲ್ಲಿ ಓದುತ್ತಿದ್ದ ಕಾಲದಲ್ಲಿ ಈ ಕೆರೆಯ ದಂಡೆಯಲ್ಲಿ ಸಾಕಷ್ಟು ಅಡ್ಡಾಡಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀರಿನ ಮೇಲೆ ನಿಂತಿರುವ ಗೋಪುರ, ಮಂಟಪ, ಮೂರ್ತಿಗಳಲ್ಲಿ ಯಾವುದೂ ಒಂಟಿಯಾಗಿ ನಿಂತದ್ದಲ್ಲ. ದಂಡೆಯ ರಸ್ತೆ ದಾಟಿದರೆ ಆಚೆ ಬದಿಯಲ್ಲಿ ಅವುಗಳ ಮೂಲಗುಡಿ ಇದೆ. ಡ್ರ್ಯಾಗನ್ ಮತ್ತು ಹುಲಿ ಗೋಪುರಗಳು ಎದುರಿನ ತ್ಸಿಜಿ ದೇವಾಲಯಕ್ಕೆ ಸೇರಿದವು. ವಸಂತ ಮತ್ತು ಶರತ್ ಮಂಟಪಗಳು ಚಿಮಿಂಗ್ ದೇವಾಲಯದವು. ಇನ್ನಷ್ಟು ಉತ್ತರಕ್ಕೆ, ನೀರಿನ ನಡುವೆ ಖಡ್ಗ ಹಿಡಿದು ಕುಳಿತಿರುವ 22 ಮೀಟರ್ ಎತ್ತರದ ಶುವಾನ್‌ತಿಯಾನ್ ಶಾಂಗ್‌ದಿಯ ಮೂರ್ತಿ ಯುವಾನ್‌ದಿ ದೇವಾಲಯದ್ದು. ಬಸ್ಸಿನಲ್ಲಿ ಬರುವವರು ಬೆನ್ನು ರಸ್ತೆಗೆ, ಮುಖ ಕೆರೆಗೆ ಮಾಡಿ ನಿಲ್ಲುವುದರಿಂದ ಬೆನ್ನ ಹಿಂದಿನ ಗುಡಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮೂಲಗುಡಿಯನ್ನು ಮೊದಲು ನೋಡಿ ಅನಂತರ ಕೆರೆಗೆ ಇಳಿದರೆ, ಡ್ರ್ಯಾಗನ್ ಮತ್ತು ಹುಲಿ ಅಲ್ಲೇಕೆ ಬಾಯಿ ತೆರೆದು ಕುಳಿತಿವೆ ಎಂಬುದು ಅರ್ಥವಾಗುತ್ತದೆ.

ತ್ಸಿಜಿ ದೇವಾಲಯದ ದೇವರು ಬಾವೊಶೆಂಗ್ ದಾದಿ. ಈತ ಮೂಲದಲ್ಲಿ ಮನುಷ್ಯ: 979ರಲ್ಲಿ ಚೀನಾದ ಫುಜಿಯಾನ್‌ನಲ್ಲಿ ಹುಟ್ಟಿದ ವು ತಾವೊ ಎಂಬ ವೈದ್ಯ. ಬಡವರಿಗೆ ಚಿಕಿತ್ಸೆ ಕೊಟ್ಟು ಹೆಸರಾದವನನ್ನು ಜನ ಮುಂದೆ ದೇವರೆಂದು ಪೂಜಿಸತೊಡಗಿದರು, ಫುಜಿಯಾನ್‌ನಿಂದ ತೈವಾನಿಗೆ ವಲಸೆ ಬಂದವರು ಆ ದೇವರನ್ನೂ ತಮ್ಮೊಂದಿಗೆ ತಂದರು. ಕಾಯಿಲೆಗಳಿಗೆ ಹೆದರುತ್ತ ಹೊಸ ನೆಲದಲ್ಲಿ ಬೇರೂರುತ್ತಿದ್ದವರಿಗೆ ವೈದ್ಯದೇವರು ಬೇಕಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಈ ವೈದ್ಯನ ಬಗೆಗಿನ ಕಥೆಗಳಲ್ಲಿ ಬಹಳ ಪ್ರಸಿದ್ಧವಾದವು ಎರಡು. ಒಂದರಲ್ಲಿ ಆತ ಡ್ರ್ಯಾಗನ್ನಿನ ಕಣ್ಣುನೋವು ಗುಣಪಡಿಸುತ್ತಾನೆ. ಇನ್ನೊಂದರಲ್ಲಿ ಹುಲಿಯ ಗಂಟಲಿನಲ್ಲಿ ಸಿಕ್ಕಿಕೊಂಡ ಮೂಳೆಯನ್ನು ತೆಗೆಯುತ್ತಾನೆ. ಆ ಕಥೆ ಗೊತ್ತಿದ್ದವರಿಗೆ ರಸ್ತೆಯ ಆಚೆ ಬಾಯಿ ತೆರೆದ ಹುಲಿ ಬರಿಯ ಪ್ರದರ್ಶನವಾಗಿ ಕಾಣುವುದಿಲ್ಲ.

ಡ್ರ್ಯಾಗನ್ನಿನಿಂದ ಒಳಕ್ಕೆ, ಹುಲಿಯಿಂದ ಹೊರಕ್ಕೆ ಎಂಬ ನಿಯಮವೂ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ತೈವಾನಿನ ಸಾಂಪ್ರದಾಯಿಕ ಗುಡಿಗಳೆಲ್ಲ ಅದನ್ನೇ ಪಾಲಿಸುತ್ತವೆ. ದೇವರ ಎಡಬದಿ ಡ್ರ್ಯಾಗನ್ನಿನದು, ಬಲಬದಿ ಹುಲಿಯದು. ದೇವರಿಗೆ ಎದುರಾಗಿ ನಿಂತ ನಮಗೆ ಬಲಗಡೆಯ ಬಾಗಿಲು ಡ್ರ್ಯಾಗನ್ನಿನದಾಗುತ್ತದೆ, ಅದರಿಂದ ಒಳಹೊಕ್ಕು ಎಡಗಡೆಯದರಿಂದ ಹೊರಬರಬೇಕು. ನಡುಬಾಗಿಲು ದೇವರಿಗೆ ಮೀಸಲು. ಹೊಸ್ತಿಲನ್ನು ತುಳಿಯದೆ ದಾಟಬೇಕೆಂಬುದನ್ನು ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಂಗಾತೀರ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಉಳಿದ ಎರಡರ ದೇವರುಗಳು ಯಾರು? ಚಪ್ಪಲಿಯನ್ನು ಎಲ್ಲಿ ಬಿಡಬೇಕು, ಒಳಗೆ ಫೋಟೊ ತೆಗೆಯಬಹುದೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಗೋಡೆ:

ವಸಂತ ಮತ್ತು ಶರತ್ ಮಂಟಪಗಳು ಗುವಾನ್ ಗೊಂಗ್ ಎಂಬ ದೇವರಿಗೆ ಸಮರ್ಪಿತವಾದವು. ಮೂರನೆಯ ಶತಮಾನದ ಆರಂಭದಲ್ಲಿ ಮಡಿದ ಗುವಾನ್ ಯು ಎಂಬ ಸೇನಾನಿಯೇ ಈ ದೇವರು; ನಿಷ್ಠೆಗೆ ಹೆಸರಾದವನಾದ್ದರಿಂದ ಸೈನಿಕರೂ ಪೊಲೀಸರೂ ಮಾತ್ರವಲ್ಲ, ಮಾತಿಗೆ ತಪ್ಪಬಾರದೆಂಬ ಕಾರಣಕ್ಕೆ ವ್ಯಾಪಾರಿಗಳೂ ಪೂಜಿಸುತ್ತಾರೆ. ಎರಡು ಮಂಟಪಗಳ ನಡುವೆ ಡ್ರ್ಯಾಗನ್ನಿನ ಮೇಲೆ ನಿಂತಿರುವವಳು ಗುವಾನ್‌ಯಿನ್, ಅಂದರೆ ಭಾರತದಿಂದ ಹೊರಟ ಅವಲೋಕಿತೇಶ್ವರನೇ ಚೀನಾದಲ್ಲಿ ಹೆಣ್ಣುರೂಪ ತಾಳಿದ ಕರುಣೆಯ ದೇವತೆ. ಆಕೆ ಮೋಡಗಳ ನಡುವೆ ಡ್ರ್ಯಾಗನ್ ಏರಿ ಕಾಣಿಸಿಕೊಂಡು, ಆ ದೃಶ್ಯವನ್ನೇ ಇಲ್ಲಿ ಮೂರ್ತಿಯಾಗಿ ನಿಲ್ಲಿಸುವಂತೆ ಭಕ್ತರಿಗೆ ಅಪ್ಪಣೆ ಕೊಟ್ಟಳೆಂದು ಸ್ಥಳೀಯರು ಹೇಳುತ್ತಾರೆ.

ಶುವಾನ್‌ತಿಯಾನ್ ಶಾಂಗ್‌ದಿ ಉತ್ತರ ದಿಕ್ಕಿನ ದೇವರು. ಆಮೆ ಮತ್ತು ಹಾವು ಆತನ ಕಾಲ ಕೆಳಗಿರುತ್ತವೆ. 1662ರಲ್ಲಿ ಡಚ್ಚರನ್ನು ತೈವಾನಿನಿಂದ ಹೊರಹಾಕಿದ ಜೆಂಗ್ ಚೆಂಗ್‌ಗೊಂಗ್‌ನ ಮನೆತನ ಈ ದೇವರನ್ನು ವಿಶೇಷವಾಗಿ ಆರಾಧಿಸುತ್ತಿತ್ತು. ಜುವೊಯಿಂಗ್ ಊರಾಗಿ ಬೆಳೆದದ್ದೇ ಆ ಮನೆತನದ ಸೈನ್ಯದ ಬಿಡಾರದಿಂದ.

ಚಪ್ಪಲಿಯ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ಪಾದರಕ್ಷೆಯೊಂದಿಗೇ ಒಳಗೆ ಹೋಗುತ್ತಾರೆ. ನಮ್ಮ ಹಿರಿಯರಿಗೆ ಇದು ಮೊದಲಿಗೆ ಕಸಿವಿಸಿಯಾಗಬಹುದು. ಫೋಟೊಕ್ಕೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಆದರೆ ಪ್ರಾರ್ಥಿಸುತ್ತಿರುವವರ ಎದುರು ನಿಂತು ತೆಗೆಯಬೇಡಿ. ಕೆಂಪು ಬಣ್ಣದ ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಜನ ನೆಲಕ್ಕೆ ಬೀಳಿಸುವುದನ್ನು ನೋಡುವಿರಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಒಂದು ಚಪ್ಪಟೆಯಾಗಿಯೂ ಇನ್ನೊಂದು ಉಬ್ಬಾಗಿಯೂ ಬಿದ್ದರೆ ದೇವರು ಒಪ್ಪಿದಂತೆ. ಎರಡೂ ಉಬ್ಬಾದರೆ ಒಪ್ಪಿಲ್ಲ. ಎರಡೂ ಚಪ್ಪಟೆಯಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಪದ್ಧತಿ ಬಲ್ಲ ಅಮ್ಮನಿಗೆ ಇದರ ತರ್ಕ ತಕ್ಷಣ ಹೊಳೆಯುತ್ತದೆ.

ಒಂದು ಸೂಕ್ಷ್ಮ ಸಂಗತಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ಜಾನಪದ ದೇವರುಗಳ ಗುಡಿಗಳಲ್ಲಿ ನೈವೇದ್ಯದ ಮೇಜಿನ ಮೇಲೆ ಕೋಳಿ, ಹಂದಿಮಾಂಸ, ಮೀನು ಇರಬಹುದು. ಗುವಾನ್‌ಯಿನ್‌ಗೆ ಮಾತ್ರ ಸಸ್ಯಾಹಾರದ ನೈವೇದ್ಯವೇ ಆಗಬೇಕು. ಅಮ್ಮನಿಗೆ ಈ ವ್ಯತ್ಯಾಸವನ್ನು ಹೊರಡುವ ಮೊದಲೇ ತಿಳಿಸಿ.

ಗಾರೆಗೆಲಸ:

ಮೂಲಗುಡಿಗಳ ಬಗ್ಗೆ ಹೇಳಿದ್ದು ನನ್ನ ವಾದಕ್ಕೆ ಪೂರ್ತಿ ಉತ್ತರವಲ್ಲ. ಗುಡಿಯ ಸಮಿತಿ ಕಟ್ಟಿಸಿತೆಂಬ ಮಾತ್ರಕ್ಕೆ ಕೆರೆಯ ಮೇಲಿನ ಕಾಂಕ್ರೀಟ್ ಸುಂದರವಾಗುವುದಿಲ್ಲ. ಒಂದು ಗುಡಿ ಮಂಟಪ ಕಟ್ಟಿತು, ಪಕ್ಕದ್ದು ಗೋಪುರ ಕಟ್ಟಿತು, ಮತ್ತೊಂದು ಮೂರ್ತಿ ನಿಲ್ಲಿಸಿತು. ಇದರಲ್ಲಿ ಪೈಪೋಟಿಯ ವಾಸನೆಯಿದೆ.

ಹಳೆಗೋಡೆ:

ಪೈಪೋಟಿ ಇದ್ದರೂ ಇರಲಿ. ಹರಕೆ ತೀರಿಸುವವರ ಹಣ ಯಾವ ಕಾಲಕ್ಕೆ ಬಂತೋ ಆ ಕಾಲದ ಸಾಮಗ್ರಿಯಲ್ಲೇ ಕಟ್ಟಡ ಏಳುತ್ತದೆ. ಮುರ್ಡೇಶ್ವರದ ಶಿವನ ಮೂರ್ತಿಯೂ ಕಾಂಕ್ರೀಟಿನದೇ, ಹಾಗೆಂದು ಅಲ್ಲಿನ ಭಕ್ತಿಯನ್ನು ಯಾರೂ ಅಳೆಯುವುದಿಲ್ಲ. ಅಂದ ಚಂದದ ಮಾತು ಬೇರೆ. ಡ್ರ್ಯಾಗನ್ನಿನ ಹೊಟ್ಟೆಯೊಳಗಿನ ಗೋಡೆಗಳಲ್ಲಿ ತಂದೆತಾಯಿಯ ಸೇವೆ ಮಾಡಿದ 24 ಮಕ್ಕಳ ಕಥೆಗಳ ಚಿತ್ರಗಳಿವೆ, ಅವುಗಳ ಬಣ್ಣ ನನಗೂ ಕಣ್ಣು ಕುಕ್ಕಿತ್ತು.

ನೀವು ಹಳೆಯದನ್ನೇ ಹುಡುಕುವವರಾದರೆ ಜುವೊಯಿಂಗ್‌ನಲ್ಲಿ ಅದೂ ಇದೆ. 1684ರಲ್ಲಿ ಚೀನಾದ ಚಿಂಗ್ ರಾಜವಂಶದ ಆಡಳಿತ ತೈವಾನನ್ನು ವಶಕ್ಕೆ ತೆಗೆದುಕೊಂಡಾಗ ಫೆಂಗ್‌ಶಾನ್ ಕೌಂಟಿಯ ಕೇಂದ್ರ ಇಲ್ಲಿತ್ತು, ಅದೇ ವರ್ಷ ಕೆರೆಯ ಬಳಿ ಕನ್‌ಫ್ಯೂಷಿಯಸ್ ದೇವಾಲಯ ಸ್ಥಾಪನೆಯಾಯಿತು. ಅಂಥ ದೇವಾಲಯದ ಎದುರು ವಿಧಿಪ್ರಕಾರ ಒಂದು ಕೊಳ ಇರಬೇಕು. ಗದ್ದೆಗಳಿಗೆ ನೀರುಣಿಸುತ್ತಿದ್ದ ಈ ಕೆರೆಯೇ ಆ ಕೊಳವಾಯಿತು. ಇಲ್ಲಿನ ತಾವರೆಯ ಕಂಪು ಫೆಂಗ್‌ಶಾನ್‌ನ ಎಂಟು ಪ್ರಸಿದ್ಧ ನೋಟಗಳಲ್ಲಿ ಒಂದೆಂದು ಆ ಕಾಲದ ವಿದ್ವಾಂಸರು ಎಣಿಸಿದ್ದರು. ಹಳೆಯ ದೇವಾಲಯದ ಒಂದು ಭಾಗ ಮಾತ್ರ ಈಗ ಉಳಿದಿದೆ, ಅದೂ ಒಂದು ಪ್ರಾಥಮಿಕ ಶಾಲೆಯ ಆವರಣದೊಳಗೆ. ಕೆರೆಯ ಉತ್ತರ ತುದಿಯಲ್ಲಿರುವ ವಿಶಾಲವಾದ ಕನ್‌ಫ್ಯೂಷಿಯಸ್ ದೇವಾಲಯ 1970ರ ದಶಕದ್ದು. ಅಲ್ಲಿ ಮೂರ್ತಿಗಳಿಲ್ಲ, ಹೆಸರು ಬರೆದ ಫಲಕಗಳಿವೆ. ಗದ್ದಲವಿಲ್ಲ, ಊದಿನಕಡ್ಡಿಯ ಹೊಗೆಯೂ ಇಲ್ಲದಷ್ಟು ಕಡಿಮೆ. ಸೆಪ್ಟೆಂಬರ್ 28ರ ಶಿಕ್ಷಕರ ದಿನದಂದು ಮಾತ್ರ ಅಲ್ಲಿ ವಿಧಿವತ್ತಾದ ಆಚರಣೆ ನಡೆಯುತ್ತದೆ.

ಕೋಟೆಯ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. 1721ರಲ್ಲಿ ಜು ಯಿಗುಯಿಯ ದಂಗೆ ಎದ್ದ ಮೇಲೆ, ಮರುವರ್ಷ ಇಲ್ಲಿ ಮಣ್ಣಿನ ಕೋಟೆ ಕಟ್ಟಿದರು. 1786ರಲ್ಲಿ ಲಿನ್ ಶುವಾಂಗ್‌ವೆನ್‌ನ ದಂಗೆಯಲ್ಲಿ ಪಟ್ಟಣ ಹಾಳಾದ್ದರಿಂದ ಕೌಂಟಿಯ ಕೇಂದ್ರವನ್ನು ಈಗಿನ ಫೆಂಗ್‌ಶಾನ್ ವಲಯಕ್ಕೆ ಸಾಗಿಸಿದರು. ಮತ್ತೆ ಹಳೆಯ ಜಾಗವೇ ಲೇಸೆಂದು 1825 ಮತ್ತು 1826ರಲ್ಲಿ ಹವಳದ ಕಲ್ಲಿನಿಂದ ಭದ್ರವಾದ ಕೋಟೆ ಕಟ್ಟಿದರೂ ಆಡಳಿತ ಇಲ್ಲಿಗೆ ಮರಳಿ ನೆಲೆಯೂರಲಿಲ್ಲ. ಅಷ್ಟು ಖರ್ಚು ಮಾಡಿ ಕಟ್ಟಿದ ಕೋಟೆಯಲ್ಲಿ ಅಧಿಕಾರಿಗಳೇ ಇರಲಿಲ್ಲ. ಪೂರ್ವ, ದಕ್ಷಿಣ, ಉತ್ತರ ದ್ವಾರಗಳು ಈಗಲೂ ನಿಂತಿವೆ. ಉತ್ತರ ದ್ವಾರದ ಹೊರಬದಿಯಲ್ಲಿ ಕಮಾನಿನ ಎರಡೂ ಪಕ್ಕ ಗೋಡೆಯಿಂದ ಉಬ್ಬಿಬಂದಂತೆ ಇಬ್ಬರು ದ್ವಾರಪಾಲಕರನ್ನು ಗಾರೆಯಲ್ಲಿ ಮೂಡಿಸಿದ್ದಾರೆ. ನಿಮ್ಮ ಬಳಕೆಯ ಹೆಸರಿಗೆ ತಕ್ಕ ಕೆಲಸ, ಒಮ್ಮೆ ನೋಡಿ.

ಶಿನ್‌ಚುವಾಸಿ:

ಇತಿಹಾಸದ ಚರ್ಚೆ ನಡೆಯಲಿ, ನಾನು ಓಡಾಟದ ವಿಚಾರ ಹೇಳುತ್ತೇನೆ. ಅತಿವೇಗದ ರೈಲಿನ ದಕ್ಷಿಣದ ಕೊನೆಯ ನಿಲ್ದಾಣವೇ ಜುವೊಯಿಂಗ್. ತೈಪೆಯಿಂದ ಕಡಿಮೆ ನಿಲುಗಡೆಯ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತದೆ, ಸಾಮಾನ್ಯ ದರ್ಜೆಯ ಟಿಕೆಟ್ 1,490 ತೈವಾನ್ ಡಾಲರ್. ಶಿನ್‌ಚುವಿನಿಂದ ಅದಕ್ಕಿಂತ ಕಡಿಮೆ. ಇಲ್ಲಿ ಇಳಿದ ಮೇಲೆ ಮೆಟ್ರೊ, ಸಾಮಾನ್ಯ ರೈಲು ಎರಡೂ ಅದೇ ಸಂಕೀರ್ಣದಲ್ಲಿ ಸಿಗುತ್ತವೆ.

ಕೆರೆ ಸುಮಾರು 42 ಹೆಕ್ಟೇರ್ ಇದೆ, ಅಂದರೆ ನೂರು ಎಕರೆಗೂ ಸ್ವಲ್ಪ ಹೆಚ್ಚು, ಮತ್ತು ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಗುಡಿಗಳೆಲ್ಲ ಪಶ್ಚಿಮದ ದಂಡೆಯಲ್ಲೇ ಸಾಲಾಗಿರುವುದರಿಂದ ಅಮ್ಮನೊಂದಿಗೆ ಇಡೀ ಸುತ್ತು ಹಾಕುವ ಅಗತ್ಯವಿಲ್ಲ. ಸಾಮಾನ್ಯ ರೈಲಿನಲ್ಲಿ ಒಂದು ನಿಲ್ದಾಣ ಮುಂದೆ, ಹಳೆಕೋಟೆಯ ಹೆಸರಿರುವ ಜುವೊಯಿಂಗ್ ನಿಲ್ದಾಣದಲ್ಲಿ ಇಳಿದರೆ ಡ್ರ್ಯಾಗನ್ ಮತ್ತು ಹುಲಿ ಗೋಪುರಗಳು ಹತ್ತಿರ. ಅಲ್ಲಿಂದ ದಂಡೆಯಗುಂಟ ಉತ್ತರಕ್ಕೆ ನಿಧಾನವಾಗಿ ನಡೆಯಿರಿ, ದಣಿವಾದರೆ ಕನ್‌ಫ್ಯೂಷಿಯಸ್ ದೇವಾಲಯಕ್ಕೆ ಟ್ಯಾಕ್ಸಿ ಹಿಡಿಯಿರಿ.

ಗೋಪುರಗಳು ಏಳು ಅಂತಸ್ತಿನವು, ಮೆಟ್ಟಿಲು ಹತ್ತಿಯೇ ಮೇಲಕ್ಕೆ ಹೋಗಬೇಕು, ಹಾಗಾಗಿ ಮಂಡಿನೋವಿದ್ದವರು ಹತ್ತುವುದು ಬೇಡ. ಆದರೆ ಡ್ರ್ಯಾಗನ್ನಿನ ಬಾಯಿಯಿಂದ ಹೊಕ್ಕು ಹುಲಿಯ ಬಾಯಿಯಿಂದ ಹೊರಬರುವ ದಾರಿ ಕೆಳಗಡೆಯೇ ಇದೆ, ಅದಕ್ಕೆ ಗೋಪುರ ಹತ್ತಬೇಕಾಗಿಲ್ಲ. ಅಲ್ಲಿಗೆ ಹೋಗುವ ಸೇತುವೆ ಅಂಕುಡೊಂಕಾಗಿದೆ; ದುಷ್ಟಶಕ್ತಿಗಳು ನೇರವಾಗಿ ಮಾತ್ರ ಚಲಿಸುತ್ತವೆ, ತಿರುವುಗಳಲ್ಲಿ ಅವುಗಳಿಗೆ ದಾರಿ ತಪ್ಪುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ.

ನವೆಂಬರ್ ಒಳ್ಳೆಯ ಆಯ್ಕೆ. ಕಾವೊಶಿಯುಂಗ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿರುವುದರಿಂದ ಬೇಸಿಗೆಯ ಸೆಕೆ ಮಂಗಳೂರಿನದನ್ನು ನೆನಪಿಸುತ್ತದೆ; ಮಳೆ, ಟೈಫೂನ್‌ಗಳ ಕಾಲವೂ ಅದೇ. ಚಳಿಗಾಲದ ತಿಂಗಳುಗಳು ಒಣಗಿ ಹಿತವಾಗಿರುತ್ತವೆ. ತಾವರೆ ಅರಳುವುದು ಮಾತ್ರ ಬೇಸಿಗೆಯಲ್ಲಿ, ಆದ್ದರಿಂದ ಹೂವಿನ ನಿರೀಕ್ಷೆ ಇಟ್ಟುಕೊಂಡು ಬರಬೇಡಿ.

ಹಕ್ಕಿನೋಟ:

ಹೂವಿಲ್ಲದಿದ್ದರೂ ಕೆರೆಯ ಪಕ್ಕದಲ್ಲಿ ಜೌತ್ಸಾಯ್ ಜೌಗುಭೂಮಿ ಉದ್ಯಾನವಿದೆ ಎಂಬುದನ್ನು ಯಾರೂ ಹೇಳಲಿಲ್ಲ. ಉದ್ದಬಾಲದ ಜಕಾನಾ ಹಕ್ಕಿ ಮತ್ತೆ ಬಂದು ನೆಲೆಸಲೆಂಬ ಉದ್ದೇಶದಿಂದ ರೂಪಿಸಿದ ಜಾಗ ಅದು. ನಮ್ಮ ರಾಜ್ಯದ ಕೆರೆಗಳಲ್ಲಿ ತೇಲುವ ಎಲೆಗಳ ಮೇಲೆ ನಡೆದಾಡುವ ಅದೇ ಹಕ್ಕಿ ಜುವೊಯಿಂಗ್‌ನಲ್ಲಿ ಸಿಂಗಾಡದ ಕೊಳಗಳನ್ನು ಆಶ್ರಯಿಸಿತ್ತು. ಈ ಸುತ್ತಿನ ರೈತರು ನೀರಿನಲ್ಲಿ ಸಿಂಗಾಡ ಬೆಳೆಯುವುದಕ್ಕೆ ಹೆಸರಾಗಿದ್ದವರು. ಊರು ಬೆಳೆದಂತೆ ಕೊಳಗಳು ಕಡಿಮೆಯಾದವು. ಶರತ್ಕಾಲದಲ್ಲಿ ಬೇಯಿಸಿದ ಸಿಂಗಾಡ ಮಾರಾಟಕ್ಕೆ ಬರುತ್ತದೆ. ಕಪ್ಪು ಸಿಪ್ಪೆಯ, ಎರಡು ಕೊಂಬಿನ ಕಾಯಿ, ಒಳಗೆ ಬಿಳಿ ತಿರುಳು. ತುಂಗಾತೀರ ಅವರ ಅಮ್ಮ ಯಾವ ಅನುಮಾನವೂ ಇಲ್ಲದೆ ತಿನ್ನಬಹುದಾದ ತಿಂಡಿ.

ಕೆರೆಯ ಉತ್ತರಕ್ಕೆ ಕಾಣುವ ಬೆಟ್ಟ ಬಾನ್‌ಪಿಂಗ್‌ಶಾನ್. ಅರ್ಧ ಕಡಿದಿಟ್ಟಂತೆ ಕಾಣುವ ಅದಕ್ಕೆ ಒಂದು ಕಥೆಯಿದೆ. ಸಿಹಿ ಉಂಡೆ ಮಾರುವ ಮುದುಕನ ವೇಷದಲ್ಲಿ ಒಬ್ಬ ಸಿದ್ಧ ಬಂದು, ಒಂದಕ್ಕೆ ಒಂದು ಬೆಲೆ, ಎರಡಕ್ಕೆ ಎರಡರಷ್ಟು, ಮೂರು ತಿಂದರೆ ಹಣವೇ ಬೇಡ ಎಂದು ಕೂಗಿದನಂತೆ. ಎಲ್ಲರೂ ಮೂರು ಮೂರು ತಿಂದರು, ಉಂಡೆಗಳನ್ನು ಬೆಟ್ಟದ ಮಣ್ಣಿನಿಂದಲೇ ಮಾಡಿದ್ದರಿಂದ ಬೆಟ್ಟ ಅರ್ಧವಾಯಿತು. ಒಂದಕ್ಕೇ ಹಣ ಕೊಟ್ಟು ತಿಂದ ಒಬ್ಬ ಹುಡುಗನನ್ನು ಸಿದ್ಧ ಶಿಷ್ಯನನ್ನಾಗಿ ಮಾಡಿಕೊಂಡ. ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟ್ ಉದ್ಯಮ ಸುಣ್ಣಕಲ್ಲಿಗಾಗಿ ಅದೇ ಬೆಟ್ಟವನ್ನು ಅಗೆಯಿತು. 1997ರಲ್ಲಿ ಗಣಿಗಾರಿಕೆ ನಿಂತ ಮೇಲೆ ಮರ ನೆಟ್ಟು ನಿಸರ್ಗ ಉದ್ಯಾನ ಮಾಡಿದ್ದಾರೆ. ಕಥೆ ಹುಟ್ಟಿದಾಗ ಯಾರೂ ಊಹಿಸದಿದ್ದ ಸಿದ್ಧರು ಬಂದು ಹೋದರು.

ಸಪ್ಪೆಸಾರು:

ಊಟದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದೇ ಕಟ್ಟುಪಾಡಿನ ಅತ್ತೆಯವರೊಂದಿಗೆ ತೈವಾನ್ ಸುತ್ತಿದ್ದೇನೆ.

ಸಂತೋಷದ ಸುದ್ದಿಯೆಂದರೆ ತೈವಾನಿನ ಬೌದ್ಧ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ನಿಷೇಧವಿದೆ. ಪೊಟ್ಟಣಗಳ ಮೇಲೆ ಸಸ್ಯಾಹಾರವನ್ನು ಐದು ವರ್ಗಗಳಾಗಿ ನಮೂದಿಸುವ ನಿಯಮವಿದೆ: ಪೂರ್ತಿ ಸಸ್ಯಮೂಲದ್ದು, ಹಾಲುಳ್ಳದ್ದು, ಮೊಟ್ಟೆಯುಳ್ಳದ್ದು, ಎರಡೂ ಉಳ್ಳದ್ದು, ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಗಿಡಗಳುಳ್ಳದ್ದು. ಇಷ್ಟು ಸೂಕ್ಷ್ಮವಾದ ವಿಂಗಡಣೆ ನಮ್ಮಲ್ಲೇ ಇಲ್ಲ. ಸಸ್ಯಾಹಾರಿ ಹೋಟೆಲುಗಳ ಫಲಕದ ಮೇಲೆ ಸ್ವಸ್ತಿಕದ ಗುರುತು ಇರುವುದುಂಟು. ಅಂಥ ಹಲವು ಕಡೆ ಸಾಲಾಗಿಟ್ಟ ಪಲ್ಯ, ತೋಫು, ಅಣಬೆಗಳನ್ನು ನಾವೇ ತಟ್ಟೆಗೆ ಹಾಕಿಕೊಂಡು ತೂಕದ ಲೆಕ್ಕದಲ್ಲಿ ಹಣ ಕೊಡುತ್ತೇವೆ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನಗಳಲ್ಲಿ ಅನೇಕ ಸ್ಥಳೀಯರೂ ಸಸ್ಯಾಹಾರ ಮಾಡುವುದರಿಂದ ಆ ದಿನ ಅಲ್ಲಿ ನೂಕುನುಗ್ಗಲು, ಗುಡಿಗಳಲ್ಲೂ ಹಾಗೆಯೇ.

ಅಹಿತಕರ ಸುದ್ದಿಯೆಂದರೆ ರಾತ್ರಿ ಸಂತೆಯಲ್ಲಿ ಈ ಶಿಸ್ತು ಇರುವುದಿಲ್ಲ. ಜುವೊಯಿಂಗ್‌ನ ರುಯ್‌ಫೆಂಗ್ ಸಂತೆಗೆ ಅಮ್ಮನನ್ನು ಊಟಕ್ಕೆಂದು ಕರೆದೊಯ್ಯಬೇಡಿ. ಮೊದಲೇ ಉಂಡು, ಸಂತೆ ನೋಡಲು ಹೋಗಿ. ಅಣಬೆ, ಹುರುಳಿಕಾಯಿಗಳನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ನಾರುವ ತೋಫುವನ್ನು ನೆನೆಹಾಕುವ ದ್ರಾವಣದಲ್ಲಿ ಸೀಗಡಿ ಇರಬಹುದು. ನಿಶ್ಚಿಂತೆಯಿಂದ ಕೊಳ್ಳಬಹುದಾದವು ಹಣ್ಣು ಮತ್ತು ಪಾನೀಯಗಳು: ಒಣಪ್ಲಮ್ಮಿನ ಪುಡಿ ಉದುರಿಸಿದ ಸೀಬೆ, ಕಬ್ಬಿನ ಹಾಲು, ಕಾವೊಶಿಯುಂಗ್‌ನಲ್ಲಿ ಎಲ್ಲರೂ ಹೊಗಳುವ ಪರಂಗಿಹಣ್ಣಿನ ಹಾಲು. ಗೆಣಸಿನ ಉಂಡೆಗಳನ್ನು ಪ್ರತ್ಯೇಕ ಬಾಣಲೆಯಲ್ಲಿ ಕರಿಯುತ್ತಿದ್ದಾರೆಂಬುದನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳಿ; ಕರಿಯುವಾಗ ಜಾಲರಿಯಿಂದ ಒತ್ತಿ ಬಿಟ್ಟಂತೆಲ್ಲ ಒಳಗೆ ಟೊಳ್ಳಾಗಿ ಉಬ್ಬುತ್ತವೆ, ಅದನ್ನು ನೋಡುವುದೇ ಒಂದು ಸೊಗಸು.

ಶಿನ್‌ಚುವಾಸಿ:

ಸಂತೆಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತೈವಾನಿನ ಹಳೆಯ ರಾತ್ರಿ ಸಂತೆಗಳಲ್ಲಿ ಹಲವು ಗುಡಿಯ ಅಂಗಳದ ಸುತ್ತ ಹುಟ್ಟಿದವು. ಉತ್ತರದ ಬಂದರು ನಗರ ಕೀಲುಂಗ್‌ನ ಸಂತೆಗೆ ಗುಡಿಯ ಬಾಗಿಲೆಂದೇ ಹೆಸರು. ರುಯ್‌ಫೆಂಗ್ ಹಾಗಲ್ಲ. ಬೀದಿಯ ಉದ್ದಕ್ಕೂ ಹರಡದೆ ಒಂದು ಖಾಲಿ ನಿವೇಶನದಲ್ಲಿ ಕಿರಿದಾದ ಸಾಲುಗಳಾಗಿ ಅಂಗಡಿಗಳು ನಿಲ್ಲುತ್ತವೆ, ತಿಂಡಿಯ ಜೊತೆಗೆ ಬಟ್ಟೆ, ಬಲೂನಿಗೆ ಗುರಿಯಿಡುವಂಥ ಆಟಗಳೂ ಇರುತ್ತವೆ. ಮೆಟ್ರೊದ ಕೆಂಪು ಮಾರ್ಗದ ಕಾವೊಶಿಯುಂಗ್ ಅರೀನಾ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ರಜೆಯ ದಿನ ರಾತ್ರಿ ಎಂಟರ ಮೇಲೆ ಸಾಲುಗಳಲ್ಲಿ ಮುಂದೆ ಸರಿಯುವುದೇ ಕಷ್ಟ, ಆದ್ದರಿಂದ ಹಿರಿಯರೊಂದಿಗೆ ಕತ್ತಲಾಗುವ ಹೊತ್ತಿಗೇ ಹೋಗಿ ಬೇಗ ಹೊರಡುವುದು ಲೇಸು.

ಜನಜಂಗುಳಿ ಬೇಡವೆಂದರೆ ಶಿನ್‌ಶಿಂಗ್ ವಲಯದ ಲಿಯುಹೆ ಸಂತೆಗೆ ಹೋಗಿ. ಸಂಜೆ ವಾಹನ ಸಂಚಾರ ನಿಲ್ಲಿಸಿದ ಅಗಲವಾದ ಬೀದಿಯಾದ್ದರಿಂದ ನಡೆದಾಡಲು ಸಲೀಸು. ಅದು ಪ್ರವಾಸಿಗರ ಸಂತೆಯೆಂದು ಸ್ಥಳೀಯರು ಮೂಗು ಮುರಿಯುತ್ತಾರೆ, ಮಂಡಿನೋವಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಾರೆಗೆಲಸ:

ಸಂತೆಗಿಂತ ಜುವೊಯಿಂಗ್‌ನ ಬೆಳಗಿನ ತಿಂಡಿ ಮೇಲೆಂಬುದು ನನ್ನ ಅಭಿಪ್ರಾಯ. 1949ರ ಸುಮಾರಿಗೆ ಚೀನಾದ ಮುಖ್ಯಭೂಮಿಯಿಂದ ಬಂದ ಸೈನಿಕರ ಕುಟುಂಬಗಳು ಇಲ್ಲಿನ ನೌಕಾನೆಲೆಯ ಸುತ್ತ ನೆಲೆಸಿದವು. ಅವರ ಹಳೆಯ ವಸತಿಯ ಜಾಗದಲ್ಲಿ ಎದ್ದ ಗುವೊಮಾವೊ ಸಮುಚ್ಚಯದ ಕಟ್ಟಡಗಳು ಬಾಗಿಕೊಂಡು ವೃತ್ತವಾಗುವ ರೀತಿ ನೋಡತಕ್ಕದ್ದು; ಕಾಂಕ್ರೀಟನ್ನು ನಾನು ಹೊಗಳುವುದು ಇಂಥ ಕಡೆ. ಅದರ ಕೆಳಗಿನ ಅಂಗಡಿಗಳಲ್ಲಿ ಬಿಸಿ ಸೋಯಾ ಹಾಲು, ಎಳ್ಳು ಹಾಕಿ ಸುಟ್ಟ ರೊಟ್ಟಿ, ಉದ್ದನೆಯ ಕರಿದ ಹಿಟ್ಟಿನ ಕೋಲು ಸಿಗುತ್ತವೆ. ಸಿಹಿ ಸೋಯಾ ಹಾಲನ್ನೇ ಕೇಳಿ. ಉಪ್ಪಿನದಕ್ಕೆ ಒಣ ಸೀಗಡಿ, ಈರುಳ್ಳಿ ಸೊಪ್ಪು ಬೀಳುತ್ತವೆ. ರೊಟ್ಟಿಯ ಒಳಗೂ ಈರುಳ್ಳಿ ಸೊಪ್ಪು ಇರುವುದುಂಟು, ಕೇಳಿಯೇ ಕೊಳ್ಳಿ.

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತಮ್ಮನೊಂದಿಗೆ ಮಾತಾಡಿ ಹೀಗೆ ಯೋಚಿಸಿದ್ದೇವೆ: ಮಂಗಳವಾರ ಮಧ್ಯಾಹ್ನ ತಲುಪಿ ವಿಶ್ರಾಂತಿ, ಬುಧವಾರ ಬೆಳಿಗ್ಗೆ ಗುವೊಮಾವೊದಲ್ಲಿ ತಿಂಡಿ, ತ್ಸಿಜಿ ಗುಡಿಯಿಂದ ಆರಂಭಿಸಿ ಕೆರೆಯ ದಂಡೆ, ಮಧ್ಯಾಹ್ನದ ಬಿಸಿಲಿಗೆ ಕೋಣೆ, ಸಂಜೆ ಉತ್ತರ ದ್ವಾರ, ರಾತ್ರಿ ರುಯ್‌ಫೆಂಗ್. ವೈದ್ಯದೇವರ ಕಥೆ ಕೇಳಿದ ಅಮ್ಮ ತಮ್ಮ ಮಂಡಿಯ ವಿಷಯವನ್ನು ಅಲ್ಲೇ ನಿವೇದಿಸಿಕೊಳ್ಳುವುದಾಗಿ ಹೇಳಿದ್ದಾರೆ.

ಶಿನ್‌ಚುವಾಸಿ:

ರುಯ್‌ಫೆಂಗ್‌ಗೆ ಸೋಮವಾರ ಮತ್ತು ಬುಧವಾರ ರಜೆ. ಸಂತೆಯನ್ನು ಮಂಗಳವಾರ ಸಂಜೆಗೆ ತನ್ನಿ, ವಿಶ್ರಾಂತಿಯನ್ನು ಬುಧವಾರ ರಾತ್ರಿಗೆ ಇಡಿ; ಉಳಿದದ್ದು ಹಾಗೆಯೇ ಇರಲಿ.